ಎರೆಮಣ್ಣಿನಲ್ಲಿ ಇಟ್ಟಿಗೆ ಅಂಚು: ಸಿಮೆಂಟಿಲ್ಲದೆ, ಕಡಿಮೆ ಖರ್ಚಿನಲ್ಲಿ

(ಪುಣೆಯಲ್ಲಿ ಕೈತೋಟದ ಆಸಕ್ತಿಯಿರುವ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹೂವಿನ ಪಾತಿಗೆ ಇಟ್ಟಿಗೆಯ ಅಂಚು ಕಟ್ಟಬೇಕು ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಒಂದು ಚೀಲ ಸಿಮೆಂಟ್ ತರುವುದು. ಅಲ್ಲಿಂದಲೇ ಖರ್ಚು ದಾರಿ ತಪ್ಪುತ್ತದೆ. ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು: ಈ ಕೆಲಸದಲ್ಲಿ ನಿಮ್ಮ ಶ್ರಮ ಮತ್ತು ದುಡ್ಡು ಹೋಗಬೇಕಾದದ್ದು ನೆಲದೊಳಗಿನ ಆರು ಇಂಚಿಗೆ. ಮೇಲೆ ಕಾಣುವ ಇಟ್ಟಿಗೆ ಹಳೆಯದಾದರೂ ನಡೆಯುತ್ತದೆ, ಅಂಚು ಸವೆದದ್ದಾದರೂ ನಡೆಯುತ್ತದೆ. ಕೆಳಗಿನ ತಳ ಕೆಟ್ಟರೆ ಮಾತ್ರ ಯಾವ ಸಿಮೆಂಟೂ ಅದನ್ನು ಉಳಿಸುವುದಿಲ್ಲ.

ಕಾರಣ ಇಲ್ಲಿನ ಮಣ್ಣು. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಎರೆಭೂಮಿಯ ಸ್ವಭಾವ ಹೇಳಿಕೊಡಬೇಕಿಲ್ಲ. ಪುಣೆಯ ಸುತ್ತ ಬಹಳ ಕಡೆ ಇರುವುದು ಅದೇ ಕಪ್ಪು ಮಣ್ಣು, ಕೆಳಗೆ ಮುರುಮು ಅನ್ನುವ ಜಲ್ಲಿಯಂಥ ಮಣ್ಣು, ಅದರ ಕೆಳಗೆ ಕರಿಕಲ್ಲು. ಮಳೆ ಬಿದ್ದರೆ ಈ ಮಣ್ಣು ಉಬ್ಬುತ್ತದೆ, ಏಪ್ರಿಲ್ ಹೊತ್ತಿಗೆ ಕೈಬೆರಳು ಇಳಿಯುವಷ್ಟು ಬಿರುಕು ಬಿಡುತ್ತದೆ. ಪ್ರತಿ ವರ್ಷ ಏರಿ ಇಳಿಯುವ ನೆಲದ ಮೇಲೆ ಸಿಮೆಂಟಿನಿಂದ ಬಿಗಿದ ತೆಳ್ಳನೆಯ ಸಾಲು ಕೂರಿಸಿದರೆ ಅದು ಬಾಗುವುದಿಲ್ಲ, ಸೀಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕೈದು ಅಡಿಗೊಂದು ಬಿರುಕು ಕಾಣಿಸುತ್ತದೆ. ಅದೇ ಇಟ್ಟಿಗೆಯನ್ನು ಒಣದಾಗಿ, ಅಂದರೆ ಗಾರೆ ಇಲ್ಲದೆ ಕೂರಿಸಿದ್ದರೆ ನೆಲದ ಜೊತೆ ಸಾಲೂ ಅಲುಗುತ್ತದೆ. ಎಲ್ಲಿ ಕುಸಿಯಿತೋ ಅಲ್ಲಿ ನಾಲ್ಕು ಇಟ್ಟಿಗೆ ಎತ್ತಿ ಕಲ್ಲುಪುಡಿ ತುಂಬಿ ಮತ್ತೆ ಕೂರಿಸಬಹುದು. ಅರ್ಧ ಗಂಟೆಯ ಕೆಲಸ.

ಶನಿವಾರವಾಡದ ಮುಂದೆ ನೀವೆಲ್ಲ ಓಡಾಡಿದ್ದೀರಿ. ಮುಂದಿನ ಸಲ ಹೋದಾಗ ಕೋಟೆಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ನೆಲಕ್ಕೆ ತಾಗಿದ ಭಾಗವೆಲ್ಲ ಕಲ್ಲು, ಅದರ ಮೇಲೆ ಇಟ್ಟಿಗೆ. 1732ರಲ್ಲಿ ಮುಗಿದ ಪೇಶ್ವೆಗಳ ಅರಮನೆ ಅದು. ಕಲ್ಲು ಕೆಳಗಿರುವುದಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಾರೆ, ಆದರೆ ತೋಟದ ಕೆಲಸಕ್ಕೆ ಅದರಲ್ಲೊಂದು ಪಾಠವಿದೆ: ಒದ್ದೆ ನೆಲದ ಸಹವಾಸ ಕಲ್ಲಿಗೆ ಇರಲಿ, ಇಟ್ಟಿಗೆ ಅದರ ಮೇಲೆ ಕೂರಲಿ. ನಮ್ಮ ಪಾತಿಯಲ್ಲಿ ಆ ಕಲ್ಲಿನ ಜಾಗಕ್ಕೆ ಎರಡು ಇಂಚು ಕಲ್ಲುಪುಡಿ ಸಾಕು. ಇಲ್ಲಿನ ಅಂಗಡಿಗಳಲ್ಲಿ ಅದನ್ನು ಕಚ್ ಅನ್ನುತ್ತಾರೆ. ಕ್ರಷರ್‌ನಲ್ಲಿ ಕಡಿ, ಅಂದರೆ ಜಲ್ಲಿಕಲ್ಲು, ಒಡೆಯುವಾಗ ಉಳಿಯುವ ಸಣ್ಣ ಚೂರು ಮತ್ತು ಪುಡಿ. ಉಸುಕಿಗಿಂತ ಇದು ಅಗ್ಗ, ಜೊತೆಗೆ ಚೂರುಗಳು ಮೊನಚಾಗಿರುವುದರಿಂದ ದಮ್ಮಸು ಹೊಡೆದಾಗ, ಅಂದರೆ ಕುಟ್ಟಿ ಗಟ್ಟಿ ಮಾಡಿದಾಗ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನದಿ ಉಸುಕಿನ ಕಾಳು ಗುಂಡಗಿರುತ್ತದೆ, ಎಷ್ಟು ಬಡಿದರೂ ಉರುಳಿಕೊಂಡೇ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಾಂಪೌಂಡ್ ಗೋಡೆಗೆ ಒರಗಿದ ಒಂದು ಪಾತಿ ತೆಗೆದುಕೊಳ್ಳಿ: 10 ಅಡಿ ಉದ್ದ, 4 ಅಡಿ ಅಗಲ. ಒಂದು ಬದಿ ಗೋಡೆಯೇ ಇರುವುದರಿಂದ ನಾವು ಕಟ್ಟಬೇಕಾದದ್ದು 4, 10, 4, ಒಟ್ಟು 18 ಅಡಿ. ಇಟ್ಟಿಗೆ 9 ಇಂಚು ಉದ್ದ, 4 ಇಂಚು ಅಗಲ, 3 ಇಂಚು ದಪ್ಪ ಎಂದು ಹಿಡಿಯೋಣ. ಭಟ್ಟಿಯಿಂದ ಭಟ್ಟಿಗೆ ಅಳತೆ ಬದಲಾಗುತ್ತದೆ, ಆದ್ದರಿಂದ ಹತ್ತು ಇಟ್ಟಿಗೆ ಸಾಲಾಗಿಟ್ಟು ಅಳೆದು ಹತ್ತರಿಂದ ಭಾಗಿಸಿ. ಒಂದೇ ಇಟ್ಟಿಗೆಯ ಅಳತೆ ನಂಬಬೇಡಿ.

ಉದ್ದುದ್ದಕ್ಕೆ ಮಲಗಿಸಿದರೆ 18 ಅಡಿಗೆ 24 ಇಟ್ಟಿಗೆ ಸಾಕು. ಎಲ್ಲಕ್ಕಿಂತ ಅಗ್ಗ, ಆದರೆ ಕಾಲು ತಾಗಿದರೆ ಜರುಗುತ್ತದೆ. ಹುಲ್ಲುಹಾಸಿನ ಅಂಚಿಗೆ ನೆಲಮಟ್ಟದಲ್ಲಿ ಹುಗಿದು ಇಡುವುದಾದರೆ ಅದು ಚೆನ್ನ, ಮಣ್ಣು ತಡೆಯುವುದಕ್ಕೆ ಅಲ್ಲ. ಸೈನಿಕರಂತೆ ನೆಟ್ಟಗೆ ನಿಲ್ಲಿಸಿ 3 ಇಂಚಿನ ಬದಿಯನ್ನು ಸಾಲಿಗೆ ಕೊಟ್ಟರೆ 72 ಬೇಕು. ನನ್ನ ಒಲವು ಮೂರನೆಯ ಬಗೆಗೆ: ಗರಗಸದ ಹಲ್ಲಿನಂತೆ 45 ಡಿಗ್ರಿ ಓರೆಯಾಗಿ, ಒಂದರ ಮೇಲೊಂದು ಒರಗಿಸಿ ಕೂರಿಸುವುದು. ಹೀಗೆ ಓರೆಯಾದ 3 ಇಂಚಿನ ಇಟ್ಟಿಗೆ ಸಾಲಿನಲ್ಲಿ ಸುಮಾರು 4.25 ಇಂಚು ಜಾಗ ಹಿಡಿಯುತ್ತದೆ, ಹಾಗಾಗಿ 18 ಅಡಿಗೆ 51. ಎರಡು ತುದಿ, ಎರಡು ಮೂಲೆಗೆ ನೆಟ್ಟಗೆ ಹುಗಿಯಲು 4, ಒಡೆದುಹೋಗುವುದಕ್ಕೆ 5, ಒಟ್ಟು 60 ತನ್ನಿ. ಪ್ರತಿ ಇಟ್ಟಿಗೆ ಪಕ್ಕದ್ದಕ್ಕೆ ಒರಗಿ ನಿಲ್ಲುವುದರಿಂದ ಗಾರೆ ಇಲ್ಲದೆಯೂ ಸಾಲು ಗಟ್ಟಿಯಾಗಿರುತ್ತದೆ. ಮೂಲೆ ಮುರಿದ ಹಳೆ ಇಟ್ಟಿಗೆಯೂ ನಡೆಯುತ್ತದೆ, ಮುರಿದ ಮೂಲೆಯನ್ನು ಮಣ್ಣಿನೊಳಕ್ಕೆ ತಿರುಗಿಸಿದರೆ ಆಯಿತು.

60 ಇಟ್ಟಿಗೆ ಅಂದರೆ ಒಂದಕ್ಕೆ 3 ಕಿಲೊ ಹಿಡಿದರೂ 180 ಕಿಲೊ. ಸ್ಕೂಟರಿನಲ್ಲಿ ತರುವ ಮಾತಲ್ಲ. ಇಷ್ಟು ಚಿಕ್ಕ ಲೋಡಿಗೆ ಟೆಂಪೊ ಬಾಡಿಗೆ ಇಟ್ಟಿಗೆಯ ಬೆಲೆಗೆ ಸರಿಗಟ್ಟಬಹುದು, ಮೀರಲೂಬಹುದು. ಹಾಗಾಗಿ ಉಳಿತಾಯದ ನಿಜವಾದ ಜಾಗ ಸಾಗಣೆ. ನಿಮ್ಮ ಸೊಸೈಟಿಯಲ್ಲೋ ಪಕ್ಕದ ಬೀದಿಯಲ್ಲೋ ಕಟ್ಟಡ ಕೆಲಸ ನಡೆಯುತ್ತಿದ್ದರೆ ಗೌಂಡಿಯನ್ನು (ಗಾರೆ ಕೆಲಸದವರನ್ನು) ಕೇಳಿ, ಉಳಿದ ಇಟ್ಟಿಗೆ ತಳ್ಳುಗಾಡಿಯಲ್ಲೇ ಬರುತ್ತದೆ. ಇಲ್ಲದಿದ್ದರೆ ಮೂರು ನಾಲ್ಕು ಮನೆಯವರು ಸೇರಿ ಒಂದೇ ಛೋಟಾ ಹಾಥಿಯಲ್ಲಿ, ಅಂದರೆ ಸಣ್ಣ ಟೆಂಪೊದಲ್ಲಿ, ತರಿಸಿ.

ಪೇಠೆಗಳಲ್ಲಿ, ಅಂದರೆ ಹಳೆ ಊರಿನ ಬಡಾವಣೆಗಳಲ್ಲಿ, ಹಳೆ ವಾಡೆ (ಅಂಗಳವಿರುವ ದೊಡ್ಡ ಮನೆ), ಹಳೆ ಮನೆ ಕೆಡವುವಾಗ ಸಿಗುವ ಇಟ್ಟಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಜನ ಮೋಸ ಹೋಗುತ್ತಾರೆ. ಹಳೆ ಇಟ್ಟಿಗೆ ಎರಡು ಬಗೆ. ಸುಣ್ಣದ ಗಾರೆಯಲ್ಲಿ ಕಟ್ಟಿದ್ದು, ಸಿಮೆಂಟಿನಲ್ಲಿ ಕಟ್ಟಿದ್ದು. ಅಂಟಿಕೊಂಡ ಗಾರೆಯನ್ನು ಉಗುರಿನಿಂದ ಕೆರೆದು ನೋಡಿ. ಬೆಳ್ಳಗೆ ಪುಡಿ ಉದುರಿದರೆ ಸುಣ್ಣ. ಅಂಥದನ್ನು ಹಳೆ ಉಳಿಯ ಬೆನ್ನಿನಿಂದ ತಟ್ಟಿದರೆ ಗಾರೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ, ಇಟ್ಟಿಗೆ ಪೂರ್ತಿ ಉಳಿಯುತ್ತದೆ. ಬೂದು ಬಣ್ಣದ ಗಟ್ಟಿ ಗಾರೆ ಉಗುರಿಗೆ ಜಗ್ಗದಿದ್ದರೆ ಸಿಮೆಂಟ್. ಅದನ್ನು ಬಿಡಿಸುವಾಗ ಗಾರೆಗಿಂತ ಮೊದಲು ಇಟ್ಟಿಗೆಯೇ ಸೀಳುತ್ತದೆ. ಅಂಥ ರಾಶಿ ಪುಕ್ಕಟೆ ಸಿಕ್ಕರೂ ಬೇಡ.

ಇಟ್ಟಿಗೆ ಹೊಸದಿರಲಿ ಹಳೆಯದಿರಲಿ, ಪರೀಕ್ಷೆ ಒಂದೇ. ಎರಡನ್ನು ತಾಗಿಸಿದರೆ ಕಂಚಿನ ಪಾತ್ರೆಯಂತೆ ಟಣ್ ಅನ್ನಬೇಕು, ಢಬ್ ಅನ್ನಬಾರದು. ಸೊಂಟಕ್ಕಿಂತ ಸ್ವಲ್ಪ ಮೇಲಿನಿಂದ ಮಣ್ಣಿನ ನೆಲಕ್ಕೆ ಬಿಟ್ಟರೆ ತುಂಡಾಗಬಾರದು. ಸಮಯವಿದ್ದರೆ ಒಂದನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿ. ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆ ತನ್ನ ತೂಕದ ಶೇಕಡಾ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂದು ಭಾರತೀಯ ಮಾನಕ ಐಎಸ್ 1077 ಹೇಳುತ್ತದೆ. 3 ಕಿಲೊ ಇದ್ದದ್ದು 3.6 ಕಿಲೊ ದಾಟಿತೆಂದರೆ ಅದು ಅರೆಬೆಂದದ್ದು. ಗೋಡೆಯೊಳಗೆ ಗಿಲಾವಿನ (ಪ್ಲಾಸ್ಟರಿನ) ಹಿಂದೆ ಹೇಗೋ ಬದುಕೀತು, ತೋಟದಲ್ಲಿ ವರ್ಷವಿಡೀ ಒದ್ದೆ ಮಣ್ಣಿಗೆ ತಾಗಿಕೊಂಡು ನಿಂತರೆ ಪದರ ಪದರವಾಗಿ ಉದುರುತ್ತದೆ. ಹಾರುಬೂದಿಯ ಸಿಮೆಂಟ್ ಇಟ್ಟಿಗೆ ಗಟ್ಟಿಯಾಗಿದ್ದರೆ ಅಡ್ಡಿಯಿಲ್ಲ, ಬಣ್ಣ ಮಾತ್ರ ಬೂದು. ಹಗುರವಾದ ದೊಡ್ಡ ಬಿಳಿ ಬ್ಲಾಕ್, ಎಎಸಿ ಅನ್ನುವುದು, ಅದು ಮಾತ್ರ ಬೇಡವೇ ಬೇಡ. ನೀರು ಹೀರುತ್ತದೆ, ಮೂಲೆ ಕಿತ್ತುಹೋಗುತ್ತದೆ.

ಇನ್ನು ತಳ. ಚರಂಡಿಯಂತೆ 6 ಇಂಚು ಅಗಲ, 6 ಇಂಚು ಆಳ ತೋಡಬೇಕು. 18 ಅಡಿಗೆ 2 ಇಂಚಿನ ತಳ ಅಂದರೆ ಒಂದೂವರೆ ಘನ ಅಡಿ ಪುಡಿ. ಓರೆ ಇಟ್ಟಿಗೆಗಳ ಕೆಳಗೆ ಉಳಿಯುವ ತ್ರಿಕೋನದ ಪೊಳ್ಳು ತುಂಬಲು ಇನ್ನರ್ಧ. ದಮ್ಮಸು ಹೊಡೆದಾಗ ಕುಗ್ಗುವುದಕ್ಕೆ ಮತ್ತರ್ಧ. ಎರಡೂವರೆ ಘನ ಅಡಿ ತಂದರೆ ಸಾಕು. ಒಂದು ಸಿಮೆಂಟ್ ಚೀಲದ ಪ್ರಮಾಣ 1.25 ಘನ ಅಡಿ, ಅಂದರೆ ಖಾಲಿ ಸಿಮೆಂಟ್ ಚೀಲ ಎರಡು ತುಂಬಿದರೆ ಲೆಕ್ಕ ಸರಿ. ತುಂಬಿದ ಚೀಲ 50 ಕಿಲೊ ದಾಟುತ್ತದೆ, ಒಬ್ಬರೇ ಎತ್ತಬೇಡಿ, ಮೂರು ಚೀಲಕ್ಕೆ ಹಂಚಿಕೊಳ್ಳಿ.

ಯಾವಾಗ ತೋಡಬೇಕು? ದೀಪಾವಳಿಯ ಆಸುಪಾಸು ಇಲ್ಲಿಗೆ ಒಳ್ಳೆಯ ಕಾಲ. ಮಣ್ಣು ಉಬ್ಬಿಯೂ ಇರುವುದಿಲ್ಲ, ಬಿರಿದೂ ಇರುವುದಿಲ್ಲ. ಮೇ ತಿಂಗಳಲ್ಲಿ ಎರೆಮಣ್ಣು ಹಾರೆಗೂ ಬಗ್ಗುವುದಿಲ್ಲ. ಆಗಲೇ ಮಾಡಬೇಕೆಂದರೆ ಹಿಂದಿನ ಸಂಜೆ ಸಾಲಿನುದ್ದಕ್ಕೂ ನೀರು ಹಾಕಿಟ್ಟು ಬೆಳಿಗ್ಗೆ ಗುದ್ದಲಿ ಹಿಡಿಯಿರಿ. ಜುಲೈನಲ್ಲಿ ಮಾಡಲೇಬೇಡಿ. ಕೆಸರಿನ ಮೇಲೆ ಹೊಡೆದ ದಮ್ಮಸು ಕೆಸರನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಗಟ್ಟಿ ಮಾಡುವುದಿಲ್ಲ.

ಗುರುತು ಹಾಕುವುದು ಸುಲಭ. ನಾಲ್ಕು ಗೂಟ, ಒಂದು ಹುರಿ. ಮೂಲೆ ನೇರವಾಗಿದೆಯೇ ಎಂದು ನೋಡಲು ಒಂದು ಬದಿಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ. ನಡುವಿನ ಓರೆ ಅಳತೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ. ಬಾಗಿದ ಅಂಚು ಬೇಕಾದವರು ನೀರು ಹಾಕುವ ಪೈಪನ್ನೇ ನೆಲದ ಮೇಲೆ ಬೇಕಾದಂತೆ ಹರಡಿ, ಅದರ ಪಕ್ಕದಲ್ಲಿ ಫಕ್ಕಿ, ಅಂದರೆ ಬಿಳಿ ಸುಣ್ಣದ ಪುಡಿ, ಉದುರಿಸಿ ಪೈಪ್ ಎತ್ತಿಬಿಡಿ.

ತೋಡಿದ ಮೇಲೆ ತಳದಲ್ಲಿ ಬೇರು, ಸಡಿಲ ಹೆಂಟೆ ಇರಬಾರದು. ಮೊದಲು ಬರಿಯ ಮಣ್ಣಿಗೇ ದಮ್ಮಸು ಹೊಡೆಯಿರಿ. ಕಬ್ಬಿಣದ ದಮ್ಮಸು ಬಾಡಿಗೆಗೆ ತರುವ ಅಗತ್ಯವಿಲ್ಲ, 4 ಇಂಚು ಚೌಕದ ಭಾರವಾದ ಮರದ ತುಂಡನ್ನು ನೆಟ್ಟಗೆ ಹಿಡಿದು ಕುಟ್ಟಿದರೆ ಆರು ಇಂಚಿನ ಕಾಲುವೆಗೆ ಅದೇ ಚೆನ್ನಾಗಿ ಹೊಂದುತ್ತದೆ. ಆಮೇಲೆ ಪುಡಿ. ಪೂರ್ತಿ ಎರಡು ಇಂಚು ಒಮ್ಮೆಲೇ ಸುರಿಯಬೇಡಿ, ಎರಡು ಸಲ ಹಾಕಿ. ಪುಡಿಗೆ ನೀರು ಚಿಮುಕಿಸಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ: ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಆ ಹದದಲ್ಲಿ ಕುಟ್ಟಿದರೆ ಸದ್ದು ಬದಲಾಗುವುದು ನಿಮಗೇ ಕೇಳುತ್ತದೆ, ಮೆತ್ತನೆಯ ಥಪ್ ಥಪ್ ಹೋಗಿ ಗಟ್ಟಿ ಸದ್ದು ಬರುತ್ತದೆ. ಹಿಮ್ಮಡಿಯೂರಿ ನಿಂತರೆ ಗುರುತು ಬೀಳಬಾರದು. ಇದರ ಮೇಲೆ ಅರ್ಧ ಇಂಚಿನಿಂದ ಒಂದು ಇಂಚಿನಷ್ಟು ಪುಡಿಯನ್ನು ಕುಟ್ಟದೆ ಸಡಿಲವಾಗಿ ಹರಡಿ. ಓರೆ ಇಟ್ಟಿಗೆ ಕೂರುವುದು ತನ್ನ ಮೂಲೆಯ ಮೇಲೆ, ಆ ಮೂಲೆ ಒತ್ತಿಕೊಂಡು ಇಳಿಯಲು ಈ ಸಡಿಲ ಪದರ ಬೇಕು. ಇದನ್ನು ಬಿಟ್ಟವರ ಇಟ್ಟಿಗೆ ಗಟ್ಟಿ ತಳದ ಮೇಲೆ ಲೊಡಲೊಡ ಆಡುತ್ತದೆ.

ಸಾಲಿನ ಮೊದಲ ಇಟ್ಟಿಗೆ ಓರೆಯದಲ್ಲ. ಒಂದನ್ನು ನೆಟ್ಟಗೆ, 5 ಇಂಚು ನೆಲದೊಳಗೆ ಹುಗಿದು ಗೂಟದಂತೆ ನಿಲ್ಲಿಸಿ. ಅದಕ್ಕೆ ಮೊದಲ ಓರೆ ಇಟ್ಟಿಗೆಯನ್ನು ಒರಗಿಸಿ. ಎರಡರ ನಡುವೆ ಕೆಳಗೆ ಒಂದು ತ್ರಿಕೋನದ ಪೊಳ್ಳು ಉಳಿಯುತ್ತದೆ, ಅದಕ್ಕೆ ಒಡೆದ ಇಟ್ಟಿಗೆ ಚೂರು, ಪುಡಿ ತುಂಬಿ ಕುಟ್ಟಿ. ಖಾಲಿ ಬಿಟ್ಟರೆ ಮೊದಲ ಇಟ್ಟಿಗೆ ಕುಸಿಯುತ್ತದೆ, ಆಮೇಲೆ ಇಟ್ಟದ್ದೆಲ್ಲ ಅದರ ಜೊತೆ ಮಲಗುತ್ತದೆ. ಓರೆಯ ಅಳತೆಗೆ ರಟ್ಟಿನಲ್ಲಿ 10 ಇಂಚಿನ ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಎರಡು ಭಾಗ ಮಾಡಿ, ಅದೇ ನಿಮ್ಮ 45 ಡಿಗ್ರಿಯ ಮಾಪು. ಐದೈದು ಇಟ್ಟಿಗೆಗೊಮ್ಮೆ ಅದನ್ನು ಹಿಡಿದು ನೋಡಲೇಬೇಕು. ಏಕೆಂದರೆ ಇಟ್ಟಿಗೆಗಳ ದಪ್ಪ ಒಂದೇ ಇರುವುದಿಲ್ಲ, ಪ್ರತಿಯೊಂದೂ ಕೂದಲೆಳೆಯಷ್ಟು ಹೆಚ್ಚು ಮಲಗುತ್ತಾ ಹೋಗಿ ಇಪ್ಪತ್ತನೆಯದರ ಹೊತ್ತಿಗೆ 45 ಇದ್ದದ್ದು 35ಕ್ಕೆ ಇಳಿದಿರುತ್ತದೆ. ಆಗ ಒಂದನ್ನು ಮಾತ್ರ ಸರಿಮಾಡಿದರೆ ಸಂದಿ ಬಾಯಿ ತೆರೆಯುತ್ತದೆ. ಹಿಂದಿನ ನಾಲ್ಕೈದನ್ನು ಎತ್ತಿ, ಬುಡದಡಿ ಚಿಟಿಕೆ ಚಿಟಿಕೆ ಪುಡಿ ಸೇರಿಸಿ ಹಂಚಿ ಸರಿಪಡಿಸಬೇಕು. ಬಡಿಯಲು ರಬ್ಬರ್ ಸುತ್ತಿಗೆ ಇಲ್ಲದಿದ್ದರೆ ಥಾಪಿಯ (ಕರಣೆಯ) ಮರದ ಹಿಡಿ ಸಾಕು. ಕಬ್ಬಿಣದ ಸುತ್ತಿಗೆ ಬಳಸಿದರೆ ಹಲ್ಲಿನ ತುದಿ ಹಾರುತ್ತದೆ.

ನೆಲ ಇಳಿಜಾರಿದ್ದರೆ ತಗ್ಗಿನ ಕಡೆಯಿಂದ ಶುರು ಮಾಡಿ ಏರಿಗೆ ಹೋಗಿ. ಒರಗಿದ ಇಟ್ಟಿಗೆಯ ಬುಡ ಯಾವಾಗಲೂ ಮುಂದಕ್ಕೆ ಜಾರಲು ನೋಡುತ್ತದೆ. ಮುಂದೆ ಏರಿದ್ದರೆ ಜಾರಲಾರದು, ಇಳಿಜಾರಿದ್ದರೆ ಜಾರಿಯೇ ಜಾರುತ್ತದೆ. ಮೂಲೆಗೆ ಬಂದಾಗ ಮತ್ತೊಂದು ನೆಟ್ಟ ಇಟ್ಟಿಗೆ. ಅಲ್ಲಿ ಒಂದು ಸಾಲು ಮುಗಿಯಬೇಕು, ಅದೇ ಗೂಟದಿಂದ ಇನ್ನೊಂದು ಶುರುವಾಗಬೇಕು. ಕೊನೆಯ ತುದಿಯಲ್ಲಿ ನೆಟ್ಟ ಇಟ್ಟಿಗೆಯನ್ನು ಕೊನೆಯ ಓರೆ ಇಟ್ಟಿಗೆಯ ಬುಡಕ್ಕೆ ಬಿಗಿಯಾಗಿ ತಾಗಿಸಿ ಹುಗಿಯಿರಿ. ಈ ಒಂದನ್ನು ಮರೆತರೆ ಮಳೆಗಾಲದಲ್ಲಿ ಇಡೀ ಸಾಲು ಆ ಕಡೆಗೆ ಬಿಚ್ಚಿಕೊಳ್ಳುತ್ತದೆ.

ಈಗ ಎತ್ತರದ ಲೆಕ್ಕವನ್ನು ಗಮನವಿಟ್ಟು ಕೇಳಿ, ಬಹಳ ಪಾತಿಗಳು ಕೆಡುವುದು ಇಲ್ಲೇ. 45 ಡಿಗ್ರಿಯಲ್ಲಿ ನಿಂತ ಇಟ್ಟಿಗೆಯ ಒಟ್ಟು ಎತ್ತರ ಎಂಟೂವರೆ ಇಂಚು. ನಾಲ್ಕು ನೆಲದೊಳಗೆ, ನಾಲ್ಕೂವರೆ ಮೇಲೆ. ಮೇಲೆ ಕಾಣುವ ನಾಲ್ಕೂವರೆಯಲ್ಲಿ ಹಲ್ಲುಗಳ ನಡುವಿನ ಕಚ್ಚು ಎರಡು ಇಂಚಿಗೂ ಸ್ವಲ್ಪ ಹೆಚ್ಚು ಆಳ. ಹಾಗಾದರೆ ಮಣ್ಣನ್ನು ನಿಜವಾಗಿ ತಡೆಯುವ ಗಟ್ಟಿ ಭಾಗ ಉಳಿದದ್ದು ಎರಡೂ ಕಾಲು ಇಂಚಿನಷ್ಟೇ. ಜನ ಹಲ್ಲಿನ ತುದಿಯವರೆಗೆ ಮಣ್ಣು, ಗೊಬ್ಬರ ತುಂಬುತ್ತಾರೆ. ಮೊದಲ ಜೋರು ಮಳೆಗೆ ಪ್ರತಿ ಕಚ್ಚಿನಿಂದಲೂ ಮಣ್ಣು ನಾಲಿಗೆ ಚಾಚಿದಂತೆ ಹೊರಗೆ ಇಳಿದು ಫರಸಿಯ (ಹಾಸುಕಲ್ಲಿನ) ಮೇಲೆ ಹರಿಯುತ್ತದೆ. ಒಳಗಿನ ಮಣ್ಣು ಹೊರಗಿನ ನೆಲಕ್ಕಿಂತ ಎರಡು ಇಂಚು ಮಾತ್ರ ಎತ್ತರ ಇರಲಿ.

ಎರಡೂ ಬದಿಗೆ ಮಣ್ಣು ತುಂಬುವುದು ಒಟ್ಟೊಟ್ಟಿಗೆ, ಎರಡೆರಡು ಇಂಚು ಹಾಕಿ ಕುಟ್ಟುತ್ತಾ. ಒಂದೇ ಕಡೆ ತುಂಬಿ ಕುಟ್ಟಿದರೆ ಸಾಲು ಇನ್ನೊಂದು ಕಡೆಗೆ ಹೊಟ್ಟೆ ಬಿಡುತ್ತದೆ. ಹೊರಗಿನ ಬದಿಗೆ ಎರೆಮಣ್ಣು ಬೇಡ, ಮುರುಮು ಹಾಕಿ, ಅದು ಉಬ್ಬುವುದಿಲ್ಲ. ಸಂದಿಗಳಿಗೆ ಒಣ ಉಸುಕು ಉದುರಿಸಿ ಕಸಬರಿಗೆಯಿಂದ ಗುಡಿಸಿ, ಇಲ್ಲವಾದರೆ ಮಳೆಗಾಲದಲ್ಲಿ ಬಸವನಹುಳುಗಳಿಗೆ ಅಲ್ಲೇ ಮನೆಯಾಗುತ್ತದೆ. ಒಣ ಸಿಮೆಂಟ್ ಬೆರೆಸಿ ಗುಡಿಸುವ ಅಭ್ಯಾಸ ಕೆಲವರಿಗಿದೆ. ಅದು ಮೇಲೆ ತೆಳ್ಳನೆಯ ಹಪ್ಪಳದಂತೆ ಗಟ್ಟಿಯಾಗಿ, ನೆಲ ಅಲುಗಿದಾಗ ಎದ್ದು ಬರುತ್ತದೆ.

ಗಾರೆ ಯಾವಾಗ ಬೇಕು ಎಂದರೆ, 6 ಇಂಚಿಗಿಂತ ಎತ್ತರಕ್ಕೆ ಮಣ್ಣು ತಡೆಯಬೇಕಾದಾಗ. ಆಗ ತಳಕ್ಕೆ ಕಾಂಕ್ರೀಟ್, 1 ಸಿಮೆಂಟಿಗೆ 6 ಉಸುಕು, ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿದ ಇಟ್ಟಿಗೆ, ಮೂರು ಅಡಿಗೊಂದು ನೀರು ಹೋಗುವ ಸಂದಿ, ಏಳು ದಿನ ನೀರು ಹಾಕುವುದು, ಎಲ್ಲವೂ ಬೇಕು. ಅರ್ಧ ಮಾಡುವುದಾದರೆ ಬೇಡ. ಸಣ್ಣ ಎತ್ತರಕ್ಕೂ ಗಾರೆಯೇ ಬೇಕು ಅನ್ನುವವರು ಈ ಲೆಕ್ಕ ನೋಡಿ: 18 ಅಡಿಗೆ ಎರಡು ವರಸೆ ಮಲಗಿಸಿದ ಇಟ್ಟಿಗೆ ಅಂದರೆ 48, ಅದರ ಗಾರೆಗೆ ಬೇಕಾಗುವ ಸಿಮೆಂಟ್ ಸುಮಾರು 7 ಕಿಲೊ. 50 ಕಿಲೊ ಚೀಲ ತಂದರೆ ಉಳಿದ 43 ಕಿಲೊ ಮೆಟ್ಟಿಲ ಕೆಳಗೆ ಮಳೆಗಾಲದ ತೇವ ಕುಡಿದು ಕಲ್ಲಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿ ಸಿಮೆಂಟ್ ಕಿಲೊ ಲೆಕ್ಕದಲ್ಲಿ ಸಿಗುತ್ತದೆ, ಕೇಳಿ ತನ್ನಿ.

ಗೋವಾದಲ್ಲಿ ಮನೆ ಇರುವವರು ಇಟ್ಟಿಗೆಯ ಗೊಡವೆಗೇ ಹೋಗಬೇಡಿ, ಅಲ್ಲಿ ಚಿರೆಕಲ್ಲು (ಕೆಂಪು ಮುರಕಲ್ಲು) ಕಾಲಬುಡದಲ್ಲೇ ಸಿಗುತ್ತದೆ. ಆದರೆ ಪುಣೆಯ 700 ಮಿಲಿಮೀಟರ್ ಮಳೆಯೆಲ್ಲಿ, ಅಲ್ಲಿನ 3000ದ ಆಸುಪಾಸಿನ ಮಳೆಯೆಲ್ಲಿ! ಅಲ್ಲಿ ತಳಕ್ಕೆ ಬರಿಯ ಪುಡಿ ಹಾಕಿದರೆ ಕೊಚ್ಚಿಹೋಗುತ್ತದೆ, ಸಣ್ಣ ಕಡಿ ಹಾಕಿ. ಮುಂಬೈನಲ್ಲಿ ಟೆರೇಸಿನ ಮೇಲೆ ಇಟ್ಟಿಗೆ ಅಂಚು ಕಟ್ಟಿ ಮಣ್ಣು ತುಂಬುವ ಆಸೆ ಬಹಳ ಜನಕ್ಕಿದೆ, ಅದನ್ನು ಮಾತ್ರ ಮಾಡಬೇಡಿ. 6 ಇಂಚು ಒದ್ದೆ ಮಣ್ಣು ಚದರ ಮೀಟರಿಗೆ 250 ಕಿಲೊ ದಾಟುತ್ತದೆ. ಜನ ಓಡಾಡುವ ಟೆರೇಸಿಗೆ ಕಟ್ಟಡದ ಭಾರದ ಮಾನಕ ಐಎಸ್ 875 ಪ್ರಕಾರ ಹಿಡಿಯುವ ಭಾರ ಸುಮಾರು 150 ಕಿಲೊ. ನೀರು ಸೋರುವುದು ಆಮೇಲಿನ ಮಾತು.

ಇಟ್ಟಿಗೆಯೂ ಸಿಗದಿದ್ದರೆ ನಮ್ಮ ಶಹಾಬಾದಿನ ಫರಸಿ ಇದೆ. ಪುಣೆಯ ಅರ್ಧ ಅಂಗಳಗಳು ಕಲಬುರಗಿ ಜಿಲ್ಲೆಯ ಆ ಕಲ್ಲಿನ ಮೇಲೆಯೇ ನಿಂತಿವೆ ಅನ್ನಬಹುದು. ಎಲ್ಲಾದರೂ ಹಳೆ ಫರಸಿ ಕಿತ್ತು ಟೈಲ್ಸ್ ಹಾಕುತ್ತಿದ್ದರೆ ಒಡೆದ ಪಟ್ಟಿಗಳನ್ನು ಕೇಳಿ ತನ್ನಿ. ಮೂರರಲ್ಲಿ ಎರಡು ಭಾಗ ನೆಲದೊಳಗೆ ಹೋಗುವಂತೆ ನೆಟ್ಟಗೆ ಹುಗಿದರೆ ಸಾಕು, ತಳದ ಕೆಲಸ ಇದೇ.

ದೊಡ್ಡ ಮರದ ಸುತ್ತ ಅಂಚು ಹಾಕುವಾಗ ಬೊಡ್ಡೆಯಿಂದ ಕನಿಷ್ಠ 1 ಮೀಟರ್ ಬಿಟ್ಟು ತೋಡಿ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕಡಿಯಬೇಡಿ, ಆ ಜಾಗದಲ್ಲಿ ಸಾಲನ್ನೇ ಸ್ವಲ್ಪ ಮೇಲೆ ಎತ್ತಿ.

ಬೇಸಿಗೆಯಲ್ಲಿ ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಮೂಡಿದರೆ ಒಣ ಬ್ರಷ್‌ನಿಂದ ಉಜ್ಜಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಒಳಗೆ ಹೋಗಿ ಮತ್ತೆ ಬರುತ್ತದೆ. ಆ್ಯಸಿಡ್ ಹತ್ತಿರವೂ ತರಬೇಡಿ, ಪಕ್ಕದಲ್ಲೇ ಗಿಡದ ಬೇರಿದೆ. ಬಣ್ಣ ಬೇಕೆಂದರೆ ಕೆಮ್ಮಣ್ಣು ಬಳಿಯಿರಿ. ಎಣ್ಣೆ ಬಣ್ಣ ಬಳಿದರೆ ಕೆಳಗಿನಿಂದ ಏರುವ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಸಿಪ್ಪೆಯಂತೆ ಏಳುತ್ತದೆ.

ಇಟ್ಟಿಗೆ, ಪುಡಿ ಉಳಿದಿದ್ದರೆ ಎಸೆಯಬೇಡಿ. ಜೂನ್‌ನಲ್ಲಿ ಮೊದಲ ನಾಲ್ಕೈದು ಒಳ್ಳೆಯ ಮಳೆಯಾದ ಮೇಲೆ ಸಾಲಿನ ಒಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಹಲ್ಲುಗಳ ತುದಿಗೆ ಕಣ್ಣು ಸಮನಾಗಿಟ್ಟು ಉದ್ದಕ್ಕೂ ನೋಡಿ. ಎಲ್ಲಿ ತಗ್ಗು ಕಂಡಿತೋ ಅಲ್ಲಿಗೆ ಒಂದು ಕಡ್ಡಿ ಚುಚ್ಚಿ ಗುರುತಿಟ್ಟುಕೊಳ್ಳಿ. ಎತ್ತಿ ಕೂರಿಸುವುದನ್ನು ಮಾತ್ರ ಮಳೆ ನಿಂತು ಮಣ್ಣು ಹದಕ್ಕೆ ಬರುವವರೆಗೆ, ಅಕ್ಟೋಬರ್‌ವರೆಗೆ ಬಿಡಿ.